ಮೇಜಿನ ಸುತ್ತ ಪ್ರದಕ್ಷಿಣೆ

ಟೇಬಲ್ ಟೆನಿಸ್ ಆಟದ ಹುಟ್ಟನ್ನು ಹುಡುಕುತ್ತ ಹೋದರೆ ನಾವು ತಲುಪುವುದು ಆಟದ ಮೈದಾನವನ್ನಲ್ಲ, ಊಟದ ಮನೆಯನ್ನು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಇಂಗ್ಲೆಂಡಿನ ಉಳ್ಳವರು ರಾತ್ರಿಯ ಭೋಜನವಾದ ಮೇಲೆ ತಟ್ಟೆಗಳನ್ನು ತೆಗೆಸಿ, ಮೇಜಿನ ನಡುವೆ ಪುಸ್ತಕಗಳನ್ನು ಸಾಲಾಗಿ ನಿಲ್ಲಿಸಿ, ಚುಟ್ಟದ ಪೆಟ್ಟಿಗೆಯ ಮುಚ್ಚಳದಿಂದ ಬಾಟಲಿಯ ಬಿರಡೆಯನ್ನು ಅತ್ತಿತ್ತ ಬಡಿಯುತ್ತಿದ್ದರೆಂದು ಹೇಳುತ್ತಾರೆ. ನಿಯಮಗಳು ಆಮೇಲೆ ಬಂದವು. 1926ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಮೇಜು 274 ಸೆಂಟಿಮೀಟರ್ ಉದ್ದ, 76 ಸೆಂಟಿಮೀಟರ್ ಎತ್ತರ, ಬಲೆ 15.25 ಸೆಂಟಿಮೀಟರ್ ಎತ್ತರ ಎಂದು ಎಲ್ಲಕ್ಕೂ ಅಳತೆ ಬಿತ್ತು.

ಈ ಅಳತೆಗಳನ್ನು ಬಾಯಿಪಾಠ ಮಾಡಿಕೊಂಡವರಲ್ಲಿ ನಾನೂ ಒಬ್ಬ. ವಿದ್ಯಾರ್ಥಿನಿಲಯದಲ್ಲಿ ಆಟ ಕಲಿತ ಕಾಲಕ್ಕೆ ಇಪ್ಪತ್ತೊಂದು ಅಂಕಗಳ ಪಂದ್ಯ, ಸೆಲ್ಯುಲಾಯ್ಡ್ ಚೆಂಡು. ಆ ಚೆಂಡಿನಲ್ಲಿ ಕರ್ಪೂರದ ಅಂಶವಿರುತ್ತಿತ್ತು. ಒಡೆದ ಚೆಂಡನ್ನು ಮೂಗಿಗೆ ಹಿಡಿದರೆ ಗೊತ್ತಾಗುತ್ತಿತ್ತು. ನಗ್ಗಿದ ಚೆಂಡನ್ನು ಬಿಸಿನೀರಿಗೆ ಹಾಕಿ ಮತ್ತೆ ದುಂಡಗೆ ಮಾಡುವುದು ನಮಗೆಲ್ಲ ಬರುತ್ತಿದ್ದ ವಿದ್ಯೆ. 2000ದಲ್ಲಿ ಚೆಂಡು 38 ಮಿಲಿಮೀಟರಿನಿಂದ 40ಕ್ಕೆ ಬೆಳೆಯಿತು, ಮರುವರ್ಷ ಪಂದ್ಯ ಹನ್ನೊಂದು ಅಂಕಕ್ಕೆ ಇಳಿಯಿತು, 2014ರಿಂದ ಚೆಂಡು ಪ್ಲಾಸ್ಟಿಕ್ಕಿನದಾಯಿತು. ನಾನು ಮಾತ್ರ ಹಳೆಯ ಶಿಸ್ತಿನವನಾಗಿಯೇ ಉಳಿದೆ.

2025ರ ಏಪ್ರಿಲ್‌ನಲ್ಲಿ ರಾಜರಾಜೇಶ್ವರಿನಗರದ ಒಂದು ಸಭಾಂಗಣದಲ್ಲಿ ನಡೆದ ಮಕ್ಕಳ ಬೇಸಗೆ ಶಿಬಿರಕ್ಕೆ ನನ್ನನ್ನು ಕರೆದರು. ‘ಆಟ ಹೇಳಿಕೊಡಿ’ ಎಂದರು. ಹೋಗಿ ನೋಡುತ್ತೇನೆ, ಆಟ ಆಗಲೇ ನಡೆದಿದೆ! ಮದುವೆ ಊಟಕ್ಕೆ ಹಾಕುವ ಎರಡು ಮಡಿಸುವ ಮೇಜುಗಳನ್ನು ಜೋಡಿಸಿದ್ದರು. ಬಲೆಯ ಬದಲು ಮಕ್ಕಳ ನೀರಿನ ಬಾಟಲಿಗಳು ಅಡ್ಡಲಾಗಿ ಮಲಗಿದ್ದವು. ಬ್ಯಾಟುಗಳೆಂದರೆ ಪರೀಕ್ಷೆಗೆ ಒಯ್ಯುವ ರಟ್ಟುಗಳು. ರಟ್ಟಿನ ಕ್ಲಿಪ್ಪಿಗೆ ಚೆಂಡು ತಗುಲಿ ‘ಟಣ್’ ಎಂದರೆ ಎಲ್ಲರೂ ಒಮ್ಮೆ ಕುಣಿಯಬೇಕು.

ಮೇಜಿನ ಒಂದು ತುದಿಗೆ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಎಂಟು ವರ್ಷದ ಹುಡುಗನೊಬ್ಬ ಕುರ್ಚಿಯಲ್ಲಿ ಕುಳಿತಿದ್ದ. ಉಳಿದವರೆಲ್ಲ ಎದುರು ತುದಿಯಲ್ಲಿ ಸಾಲುಗಟ್ಟಿದ್ದರು. ಒಬ್ಬೊಬ್ಬರೂ ಒಂದು ಸಲ ಚೆಂಡು ಹೊಡೆದು, ಮೇಜನ್ನು ಬಳಸಿ ಓಡಿ, ಅವನ ಕುರ್ಚಿಯ ಬೆನ್ನು ಮುಟ್ಟಿ, ಮರಳಿ ಸಾಲಿನ ಕೊನೆಗೆ ನಿಲ್ಲಬೇಕು. ಚೆಂಡು ತಪ್ಪಿದವರು ಒಂದು ಗಾದೆ ಹೇಳಬೇಕು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳುವಂತಿಲ್ಲ. ಗಾದೆ ತೋಚದವರು ಔಟು. ಕುರ್ಚಿಯ ಹುಡುಗ ತಪ್ಪಿದರೆ ಅವನು ಔಟಲ್ಲ, ಇಡೀ ಸಾಲು ದಿಕ್ಕು ಬದಲಿಸಿ ಎಡಕ್ಕೆ ಓಡಬೇಕು. ಆಟಕ್ಕೆ ‘ಪ್ರದಕ್ಷಿಣೆ’ ಎಂದು ಹೆಸರು. ಬಡಾವಣೆಗೆ ಹೆಸರು ಕೊಟ್ಟ ರಾಜರಾಜೇಶ್ವರಿ ದೇವಾಲಯವನ್ನು ಸುತ್ತಿ ಬಲ್ಲ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಹೆಸರು ಎಲ್ಲಿಂದ ತೋಚೀತು? ದಿಕ್ಕು ಬದಲಾದೊಡನೆ ‘ಅಪ್ರದಕ್ಷಿಣೆ!’ ಎಂದು ಕೂಗು ಏಳುತ್ತಿತ್ತು.

ನನಗೆ ಇದು ಆಟವೆಂದು ತೋರಲಿಲ್ಲ. ಮರುದಿನವೇ ಬಲೆ ಕಟ್ಟಿದೆ, ಸುಣ್ಣದ ಕಡ್ಡಿಯಿಂದ ಗೆರೆ ಎಳೆದೆ, ನಾಲ್ಕು ಒಳ್ಳೆಯ ಬ್ಯಾಟು ತಂದೆ. ನಮ್ಮ ಬೆಂಗಳೂರಿನ ಅರ್ಚನಾ ಕಾಮತ್ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾರತದ ತಂಡಕ್ಕೆ ಆಡಿದ್ದನ್ನು ವರ್ಣಿಸಿದೆ. ಮಕ್ಕಳು ಮರ್ಯಾದೆಯಿಂದ ಕೇಳಿದರು. ಇಬ್ಬಿಬ್ಬರನ್ನು ಆಡಿಸಿದೆ. ಪ್ಲಾಸ್ಟರಿನ ಹುಡುಗನಿಗೆ ಅಂಕ ಬರೆಯುವ ಕೆಲಸ ಕೊಟ್ಟೆ. ಅದು ನನ್ನ ಔದಾರ್ಯವೆಂದೇ ಆಗ ಭಾವಿಸಿದ್ದೆ. ಅವನು ಎರಡು ದಿನ ಮುದ್ದಾದ ಅಕ್ಷರಗಳಲ್ಲಿ ಅಂಕ ಬರೆದ. ಮೂರನೆಯ ದಿನ ಶಿಬಿರಕ್ಕೆ ಬರಲಿಲ್ಲ.

ಅವನೊಬ್ಬನೇ ಅಲ್ಲ, ಮೇಜಿನ ಹತ್ತಿರಕ್ಕೂ ಯಾರೂ ಸುಳಿಯಲಿಲ್ಲ. ಕಾರಣ ಕೇಳಿದಾಗ ಹತ್ತು ವರ್ಷದ ಹುಡುಗಿಯೊಬ್ಬಳು, ‘ತಾತ, ನಿಮ್ಮ ಆಟದಲ್ಲಿ ಇಬ್ಬರು ಆಡ್ತಾರೆ, ಮಿಕ್ಕೋರು ಕಾಯ್ತಾರೆ. ಅವನು ಯಾವಾಗಲೂ ಕಾಯ್ತಾನೇ ಇರ್ಬೇಕು’ ಎಂದಳು. ಆಕ್ಷೇಪಣೆಯ ದನಿಯಲ್ಲ, ಲೆಕ್ಕ ಒಪ್ಪಿಸುವ ದನಿ.

ಆ ರಾತ್ರಿ ನನಗೆ ಹಿರೋಜಿ ಸಾತೋ ನೆನಪಾದ. 1952ರಲ್ಲಿ ಮುಂಬಯಿಯಲ್ಲಿ ನಡೆದ ವಿಶ್ವ ಪಂದ್ಯಾವಳಿಗೆ ಈ ಜಪಾನೀಯ ದಪ್ಪ ಸ್ಪಂಜು ಹಚ್ಚಿದ ಬ್ಯಾಟು ಹಿಡಿದು ಬಂದ. ಚೆಂಡು ತಗುಲಿದ ಸದ್ದೇ ಕೇಳದೆ ಅನುಭವಿ ಎದುರಾಳಿಗಳು ತಬ್ಬಿಬ್ಬಾದರು; ಅವನು ಗೆದ್ದ. ಒಕ್ಕೂಟ ಬ್ಯಾಟಿನ ದಪ್ಪಕ್ಕೆ ಮಿತಿ ಹಾಕಿದ್ದು 1959ರಲ್ಲಿ. ಅಷ್ಟು ದೊಡ್ಡ ಸಂಸ್ಥೆಯೇ ಹೊಸ ಬ್ಯಾಟೊಂದನ್ನು ಕುರಿತು ಏಳು ವರ್ಷ ಯೋಚಿಸಿತ್ತು. ನಾನು ಒಂದು ದಿನವೂ ತಡೆಯಲಿಲ್ಲ.

ಬೆಳಿಗ್ಗೆ ಹೋಗಿ ಬಲೆ ಬಿಚ್ಚಿದೆ. ಹುಡುಗನನ್ನು ಕರೆತರಲು ಮಕ್ಕಳೇ ಹೋದರು; ಮನೆ ಎರಡು ರಸ್ತೆ ಆಚೆಗಿತ್ತು. ಅವನು ಅಜ್ಜಿಯ ಜೊತೆ ಆಟೋದಲ್ಲಿ ಬಂದಿಳಿದ. ನನ್ನ ಮುಖ ನೋಡದೆ ನೇರವಾಗಿ ಕುರ್ಚಿಯಲ್ಲಿ ಕುಳಿತು ರಟ್ಟು ಕೇಳಿದ. ನಾಲ್ಕೈದು ದಿನ ನನ್ನೊಡನೆ ಮಾತಾಡಲಿಲ್ಲ. ಅದು ನ್ಯಾಯವೇ.

ಶಿಬಿರದ ಕೊನೆಯ ದಿನ ನನ್ನನ್ನೂ ಸಾಲಿಗೆ ಸೇರಿಸಿಕೊಂಡರು. ಎರಡನೆಯ ಸುತ್ತಿಗೇ ಏದುಸಿರು ಬಂದು ಚೆಂಡು ತಪ್ಪಿತು. ‘ಅತಿ ಆಸೆ ಗತಿ ಕೇಡು’ ಎಂದೆ. ಕುರ್ಚಿಯ ಹುಡುಗ ತಲೆ ಅಲ್ಲಾಡಿಸಿ, ‘ಅದು ಆಗಲೇ ಹೇಳಿಯಾಯ್ತು, ತಾತ. ಔಟ್’ ಎಂದ.