ಪ್ರಥಮ ಪಿಯುಸಿಯಲ್ಲಿ ಎಡವಿದವರಿಗೆ
(ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣ)



ಬಹುಮಾನ ಪಡೆದ ಮಕ್ಕಳಿಗೆಲ್ಲ ಮುಬಾರಕ್. ಆದರೆ ನನ್ನ ಮಾತು ಹಿಂದಿನ ಸಾಲಿನಲ್ಲಿ ಕುಳಿತವರಿಗೆ. ಎಸ್ಸೆಸ್ಸೆಲ್ಸಿ ಮುಗಿಸಿದಾಗ ಇದೇ ವೇದಿಕೆಯಲ್ಲಿ ಸನ್ಮಾನ ಪಡೆದು, ಪ್ರಥಮ ಪಿಯುಸಿ ವಿಜ್ಞಾನದಲ್ಲಿ ಕೆಳಗಿಳಿದವರಿಗೆ.

ಕೆಲವು ವರ್ಷಗಳ ಹಿಂದೆ, ನಮ್ಮಲ್ಲಿ ಉರ್ದು ಮಾಧ್ಯಮದಲ್ಲಿ ಓದಿ ಹೋದ ಹುಡುಗಿಯೊಬ್ಬಳನ್ನು ಅವಳ ತಾಯಿ ಶಾಲೆಗೆ ಕರೆತಂದರು. ಕೈಯಲ್ಲಿ ಅಂಕಪಟ್ಟಿ. "ಸರ್, ಇವಳಿಗೆ ಡಾಕ್ಟರ್ ಆಗಬೇಕಂತೆ. ಫಿಸಿಕ್ಸ್‌ನಲ್ಲಿ ಹದಿನೆಂಟು ಬಂದಿದೆ. ಓದು ಬಿಡಿಸಿಬಿಡೋಣ ಅಂತಾರೆ ಇವಳ ಅಬ್ಬಾ" ಎಂದರು. ಹುಡುಗಿ ತಲೆ ಎತ್ತಲಿಲ್ಲ. ನಾನು ಭಾಷೆ ಕಲಿಸುವವನು, ವಿಜ್ಞಾನದವನಲ್ಲ. ಆದರೂ ಫೋಟೋಸಿಂಥೆಸಿಸ್ ಎಂದರೇನಮ್ಮಾ ಎಂದು ಕೇಳಿದೆ. ಸುಮ್ಮನಿದ್ದಳು. ಝಿಯಾಈ ತಾಲೀಫ್ ಎಂದೆ. ಎಲೆ, ಬಿಸಿಲು, ನೀರು, ಕಾರ್ಬನ್ ಡೈ ಆಕ್ಸೈಡ್ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು!

ಪಾಠ ಅವಳಿಗೆ ಗೊತ್ತಿತ್ತು, ಕಾಲೇಜಿನ ಹೆಸರು ಗೊತ್ತಿರಲಿಲ್ಲ. ಇದರಲ್ಲಿ ನಮ್ಮ ತಪ್ಪೂ ಇದೆ. ಹತ್ತನೆಯ ತರಗತಿಯಲ್ಲೇ ಖಲಿಯಾ ಪಕ್ಕದಲ್ಲಿ ಸೆಲ್ ಎಂದು ಬರೆಸಿದ್ದರೆ ನಮ್ಮ ಗಂಟೇನು ಹೋಗುತ್ತಿತ್ತು? ನೀಟ್ ಪ್ರಶ್ನೆಪತ್ರಿಕೆ ಉರ್ದುವಿನಲ್ಲೂ ಸಿಗುತ್ತದಲ್ಲ ಎನ್ನುವವರಿದ್ದಾರೆ. 2018ರಿಂದ ಸಿಗುತ್ತಿದೆ ನಿಜ, ಕನ್ನಡದಲ್ಲೂ ಇದೆ. ಆದರೆ ಎರಡು ವರ್ಷ ಇಂಗ್ಲಿಷಿನಲ್ಲಿ ಪಾಠ ಕೇಳಿದ ಮೇಲೆ ಆ ಪತ್ರಿಕೆ ಎಷ್ಟು ಮಕ್ಕಳಿಗೆ ಆಸರೆಯಾದೀತು?

ಪಾಲಕರು ಒಂದು ವಿಷಯ ತಿಳಿಯಬೇಕು. ವೈದ್ಯಕೀಯ ಸೀಟಿಗೆ ಪ್ರಥಮ ಪಿಯುಸಿಯ ಅಂಕಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ದ್ವಿತೀಯ ಪಿಯುಸಿಯಲ್ಲಿ ನಿಗದಿತ ಅಂಕ ಬೇಕು, ರ‍್ಯಾಂಕ್ ಬರುವುದು ನೀಟ್‌ನಿಂದ. ಹಾಗೆಂದು ಆ ಪುಸ್ತಕಗಳನ್ನು ಮಾತ್ರ ಹಳೆಯ ಪೇಪರಿನವನಿಗೆ ಹಾಕಬೇಡಿ! 2025ರ ನೀಟ್‌ನಲ್ಲಿ 180 ಪ್ರಶ್ನೆ, 720 ಅಂಕ. ಅದರಲ್ಲಿ ಜೀವಶಾಸ್ತ್ರದ್ದೇ 90 ಪ್ರಶ್ನೆ. ಪಠ್ಯ ಎರಡೂ ವರ್ಷಗಳದ್ದು. ಮನುಷ್ಯನ ಉಸಿರಾಟ, ರಕ್ತ ಪರಿಚಲನೆ, ಜೀವಕೋಶ ಎಲ್ಲವೂ ಪ್ರಥಮ ವರ್ಷದವು. ಭೌತಶಾಸ್ತ್ರದ ಬಲ, ಚಲನೆ, ರಸಾಯನಶಾಸ್ತ್ರದ ಮೋಲ್ ಲೆಕ್ಕ ಕೂಡ ಅಲ್ಲಿಯವೇ. ಬಲ ಅರ್ಥವಾಗದವರಿಗೆ ಮುಂದಿನ ವರ್ಷ ಮೊದಲ ಅಧ್ಯಾಯದಲ್ಲೇ ಬರುವ ವಿದ್ಯುದಾವೇಶದ ಲೆಕ್ಕವೂ ಬಾರದು. ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರಾದ್ದರಿಂದ ಅಂದಾಜಿನ ಗುರುತು ಹಾಕಿ ಪಾರಾಗುವ ಹಾಗೂ ಇಲ್ಲ.

ಆ ಹುಡುಗಿ ಪೂರಕ ಪರೀಕ್ಷೆ ಬರೆದು ಪಾಸಾದಳು. ರಜೆಯಲ್ಲಿ ಮದುವೆ ಮನೆಗಳಿಗೆ ಹೋಗದೆ, ಹಳೆಯ ಪಾಠಗಳನ್ನು ಮೊದಲಿನಿಂದ ತೆಗೆದಳು. ಒಂದು ನೋಟ್‌ಬುಕ್‌ನಲ್ಲಿ ಮೂರು ಸಾಲು ಗೆರೆ ಹಾಕಿ ಉರ್ದು, ಕನ್ನಡ, ಇಂಗ್ಲಿಷ್ ಪದಗಳನ್ನು ಅಕ್ಕಪಕ್ಕ ಬರೆದುಕೊಂಡಳು. ಮೊದಲ ನೀಟ್‌ನಲ್ಲಿ ಸೀಟು ಸಿಗಲಿಲ್ಲ. ಮನೆಯಲ್ಲಿ ಮತ್ತೆ ಅದೇ ಮಾತು ಎದ್ದಿತು. ಒಂದು ವರ್ಷ ಕೊಡಿ ಎಂದು ಅವಳ ಅಬ್ಬಾರನ್ನು ಒಪ್ಪಿಸಲು ನಾನೂ ಎರಡು ಸಲ ಹೋಗಿ ಚಹಾ ಕುಡಿದು ಬಂದೆ.

ಎರಡನೆಯ ಸಲ ಯುನಾನಿಯಲ್ಲಿ ಸೀಟು ಸಿಕ್ಕಿತು. ಅದಕ್ಕೂ ನೀಟೇ ಬೇಕು. ಹತ್ತನೆಯ ತರಗತಿಯ ಉರ್ದು ಅಲ್ಲಿ ಕೈಹಿಡಿಯಿತು. ಎಂಬಿಬಿಎಸ್ ಸಿಗಲಿಲ್ಲವೆಂದು ತಾಯಿಗೆ ಇನ್ನೂ ಕೊರಗಿದೆ, ಅವಳಿಗಿಲ್ಲ.

ಆ ನೋಟ್‌ಬುಕ್ ಈಗ ನನ್ನ ಬಳಿ ಇದೆ. ಸಭೆ ಮುಗಿದ ಮೇಲೆ ಇಲ್ಲೇ ಇರುತ್ತೇನೆ. ಬೇಕಾದವರು ಬನ್ನಿ, ಅಂಕಪಟ್ಟಿಯನ್ನು ಬಚ್ಚಿಡದೆ ತನ್ನಿ.