ತಾಲೂಕಿನ ನಕ್ಷೆ ಮತ್ತು ಬೆಳಗಿನ ಬಸ್ಸು



ಭೂಗೋಳವೆಂದರೆ ನದಿ, ಬೆಟ್ಟ, ರಾಜಧಾನಿಗಳ ಹೆಸರು ಬಾಯಿಪಾಠ ಮಾಡುವ ವಿಷಯವೆಂದು ನಿಮ್ಮಲ್ಲಿ ಹಲವರು ತಿಳಿದಿದ್ದೀರಿ. ಆದರೆ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಣೆಬರಹವನ್ನು ಸರ್ಕಾರಿ ಕಡತಗಳಲ್ಲಿ ಬರೆದದ್ದು ಇದೇ ವಿಷಯ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ಕೊಟ್ಟ ವರದಿಯಲ್ಲಿ ರಾಜ್ಯದ 175 ತಾಲೂಕುಗಳನ್ನು 35 ಸೂಚಕಗಳಿಂದ ಅಳೆಯಿತು. ರಾಜ್ಯದ ಸರಾಸರಿ 1 ಎಂದಾದರೆ, 0.80ಕ್ಕಿಂತ ಕೆಳಗುಳಿದ 39 ತಾಲೂಕುಗಳು 'ಅತ್ಯಂತ ಹಿಂದುಳಿದವು'. ನಮ್ಮ ಮೂರೂ ಆ ಪಟ್ಟಿಯಲ್ಲಿವೆ.

ಈ ಅಳತೆಯಿಂದ ಉಪಕಾರವಾಗಿದೆ, ಅಲ್ಲಗಳೆಯಬಾರದು. ತಾಲೂಕುವಾರು ಅನುದಾನ ಹಂಚುವ ವಿಶೇಷ ಅಭಿವೃದ್ಧಿ ಯೋಜನೆ 2007-08ರಿಂದ ನಡೆದದ್ದು ಇದರ ಆಧಾರದ ಮೇಲೆಯೇ. ಆದರೆ ಸರಾಸರಿಯೊಳಗೆ ಹಳ್ಳಿ ಕಾಣಿಸುವುದಿಲ್ಲ. ಜೇವರ್ಗಿ ಪಟ್ಟಣವನ್ನೇ ನೋಡಿ. ಕಲಬುರಗಿಯಿಂದ ವಿಜಯಪುರದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 50 ಅಲ್ಲಿ ಹಾಯ್ದಿದೆ. ಬಳ್ಳಾರಿ ದಾಟಿ ಚಾಮರಾಜನಗರ ಮುಟ್ಟುವ 150ಎ ಶುರುವಾಗುವುದೂ ಅಲ್ಲಿಂದಲೇ. ನಕ್ಷೆಯ ಮೇಲೆ ದೊಡ್ಡ ಕೂಡುದಾರಿ. ಅದೇ ತಾಲೂಕಿನಲ್ಲಿ ಹೆದ್ದಾರಿ ಬಿಟ್ಟು ಹತ್ತು ಹನ್ನೆರಡು ಕಿ.ಮೀ. ಒಳಗಿರುವ ಹಳ್ಳಿಯ ಹುಡುಗಿಗೆ ಆ ಎಕ್ಸ್‌ಪ್ರೆಸ್ ಬಸ್ಸುಗಳಿಂದ ಏನಾಯಿತು?

ಅಫಜಲಪುರ ತಾಲೂಕಿನ ಗಾಣಗಾಪುರಕ್ಕೆ ರೈಲಿನಲ್ಲಿ ಬರುವವರು ಇಳಿಯುವ ನಿಲ್ದಾಣದ ಹೆಸರು 'ಗಾಣಗಾಪುರ ರೋಡ್'. ಅಂದರೆ ಗಾಣಗಾಪುರವಲ್ಲ, ಅಲ್ಲಿಗೆ ಹೋಗುವ ದಾರಿ! ಕ್ಷೇತ್ರ ಅಲ್ಲಿಂದ ಇಪ್ಪತ್ತು ಕಿ.ಮೀ. ಆಸುಪಾಸು. ಇನ್ನು ಆಳಂದ ತಾಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವೇ ಇದೆ. ಪಿ.ಎಚ್‌ಡಿ. ತಾಲೂಕಿನೊಳಗೆ ಸಿಗುತ್ತದೆ, ಎಂಟನೆಯ ತರಗತಿ ಊರೊಳಗೆ ಸಿಗದ ಮಕ್ಕಳಿದ್ದಾರೆ. ಊರಿನ ಉರ್ದು ಶಾಲೆ ಏಳನೆಯದಕ್ಕೆ ಮುಗಿದರೆ ಮುಂದಿನ ಶಾಲೆಯ ಬಾಗಿಲು ಬಸ್ಸೇ. ಬಸ್ಸು ಹತ್ತೂವರೆಗೆ ಬಂದರೆ ಮೊದಲ ಪಾಠ ಹೋಯಿತು. ಸಂಜೆ ಬಾರದಿದ್ದರೆ ಮರುದಿನ ತಂದೆ ಮಗಳನ್ನು ಕಳಿಸುವುದಿಲ್ಲ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳ ಟಿಕೆಟಿನ ಖರ್ಚು ತಪ್ಪಿತು, ಬಹಳ ಒಳ್ಳೆಯದು. ಬಸ್ಸಿನ ವೇಳೆ ಮಾತ್ರ ಟಿಕೆಟಿನಿಂದ ಸರಿಹೋಗುವುದಿಲ್ಲ.

2024ರಲ್ಲಿ ಸರ್ಕಾರ ಪ್ರೊ. ಎಂ. ಗೋವಿಂದ ರಾವ್ ಅಧ್ಯಕ್ಷತೆಯಲ್ಲಿ ಪ್ರಾದೇಶಿಕ ಅಸಮತೋಲನದ ಅಧ್ಯಯನಕ್ಕೆ ಹೊಸ ಸಮಿತಿ ನೇಮಿಸಿತು. ಸಮಿತಿಗಳು ತಾಲೂಕನ್ನು ಅಳೆಯುತ್ತವೆ. ಊರನ್ನು ಅಳೆಯುವವರು ನಾವೇ. ಆದ್ದರಿಂದ ವಿದ್ಯಾರ್ಥಿಗಳೇ, ಈ ಬಾರಿ ರಜೆಯಲ್ಲಿ ನಿಮ್ಮ ನಿಮ್ಮ ಊರಿನ ನಕ್ಷೆ ಬರೆಯಿರಿ. ದೂರವನ್ನು ಕಿ.ಮೀ.ಗಳಲ್ಲಿ ಬೇಡ, ನಿಮಿಷಗಳಲ್ಲಿ ಹಾಕಿರಿ: ಹೈಸ್ಕೂಲಿಗೆ ಎಷ್ಟು, ಪಿಯು ಕಾಲೇಜಿಗೆ ಎಷ್ಟು, ಆಸ್ಪತ್ರೆಗೆ ಎಷ್ಟು. ಬಸ್ಸಿಗಾಗಿ ಕಾಯ್ದ ಹೊತ್ತನ್ನೂ ಸೇರಿಸಿರಿ. ಮೊದಲ ಬಸ್ಸು, ಕೊನೆಯ ಬಸ್ಸು ಯಾವಾಗ ಎಂದು ಒಂದು ವಾರ ನೋಡಿ ಬರೆದಿಡಿ. ಹತ್ತು ಊರಿನ ಲೆಕ್ಕ ಕೂಡಿದರೆ, ಸಂಘದ ಅರ್ಜಿಯೊಂದಿಗೆ ಡಿಪೋ ವ್ಯವಸ್ಥಾಪಕರ ಮುಂದಿಡಬಹುದು. ಮಳೆಗಾಲದಲ್ಲಿ ಹಳ್ಳ ಬಂದು ಬಸ್ಸು ನಿಂತ ದಿನಗಳಿಗೆ ಬೇರೆ ಕಾಲಂ ಬಿಡಿ.