‘ಟೋಪಿ ತೆಗಿಯಪ್ಪಾ’ ಅನ್ನೋ ಮುಂಚೆ

ಹೋದ ವರ್ಷ ನಾನೂ ಬಂಗಾರಪೇಟೆಯ ನನ್ನ ಫ್ರೆಂಡೂ ಕೆಜಿಎಫ್‌ನಲ್ಲಿ ಒಂದು ಮದುವೆಗೆ ಹೋಗಿದ್ವಿ. ಚರ್ಚ್ ಒಳಗೆ ಅವನು ಕ್ಯಾಪ್ ಹಾಕಿದ್ದ. ಹಿಂದಿನ ಬೆಂಚಿನ ತಾತ ಭುಜ ತಟ್ಟಿ, ಜೋರಾಗಿ ‘ಟೋಪಿ ತೆಗಿಯಪ್ಪಾ, ಇದು ದೇವರ ಮನೆ’ ಅಂದ್ರು. ತೆಗೆದ. ಕೀಮೋಥೆರಪಿಯಿಂದ ಕೂದಲೆಲ್ಲ ಉದುರಿಹೋಗಿತ್ತು.

ತಾತ ಹೇಳಿದ್ದು ಹಳೇ ರೂಢಿ. ಪ್ರಾರ್ಥನೆ ವೇಳೆ ಗಂಡಸರು ತಲೆ ಮುಚ್ಚಬಾರದು, ಹೆಂಗಸರು ಮುಚ್ಚಬೇಕು ಅಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದಲ್ಲಿದೆ. ಕ್ಯಾಥೊಲಿಕರ 1917ರ ಕಾನೂನು ಸಂಹಿತೆಯೂ ಅದನ್ನೇ ಹೇಳ್ತಿತ್ತು. 1983ರ ಹೊಸ ಸಂಹಿತೆಯಲ್ಲಿ ಆ ನಿಯಮ ಇಲ್ಲ. ಈಗ ತಲೆ ಮೇಲೆ ಸೆರಗು ಇಲ್ಲದಿದ್ರೂ ಹೆಚ್ಚಿನ ಕಡೆ ಯಾರೂ ಕೇಳಲ್ಲ. ಗಂಡಸರ ಟೋಪಿ ಮಾತ್ರ ಇನ್ನೂ ಕಣ್ಣಿಗೆ ಬೀಳುತ್ತೆ.

ಗೌರವ ತೋರಿಸೋ ರೀತಿ ಎಲ್ಲ ಕಡೆ ಒಂದೇ ಅಲ್ಲ. ಗುರುದ್ವಾರದಲ್ಲಿ ತಲೆ ಮುಚ್ಚಲೇಬೇಕು. ನಮ್ಮ ಕಡೆ ಹಿರಿಯರಿಗೆ ಪೇಟ ತೊಡಿಸೋದೇ ಮರ್ಯಾದೆ. 2001ರಲ್ಲಿ ಮುಚ್ಚಿದ ಇಲ್ಲಿನ ಚಿನ್ನದ ಗಣಿಯೊಳಗೆ ಹೆಲ್ಮೆಟ್ ತೆಗೆದ್ರೆ ಜೀವಕ್ಕೇ ಅಪಾಯ.

ಆ ತಾತನೂ ಗಣಿಯಲ್ಲಿ ದುಡಿದವರೇ. ಅವನ ತಲೆ ನೋಡಿದ್ದೇ ಮೆಲ್ಲಗೆ ‘ಗೊತ್ತಾಗ್ಲಿಲ್ಲ ಮಗಾ, ಹಾಕ್ಕೋ’ ಅಂದ್ರು. ಇವನು ಹಾಕ್ಕೊಳ್ಳಲಿಲ್ಲ. ಹೊರಗೆ ಬಂದ್ಮೇಲೆ, ‘ಅವರು ಹೇಳಿದ್ದು ತಪ್ಪಲ್ಲ ಕಣೋ. ಎಲ್ಲರಿಗೂ ಕೇಳೋ ಹಾಗೆ ಹೇಳಿದ್ರಲ್ಲ, ಅದು ನೋವಾಯ್ತು’ ಅಂದ.

ಹೋದ ಕಡೆ ಅಲ್ಲಿನ ರೂಢಿ ತಿಳ್ಕೊಂಡು ನಡೆಯೋಣ. ಬೇರೆಯವರಿಗೆ ಹೇಳಬೇಕಾದ್ರೆ ಮಾತ್ರ, ಕಿವಿಯಲ್ಲಿ ಹೇಳೋಣ. ಮುಂದಿನ ಎಪಿಸೋಡ್‌ನಲ್ಲಿ ಸಿಗ್ತೀನಿ.